ಅಮಾವಾಸ್ಯೆಯ ಸಹಿಗೆ ಸೋಮವಾರದ ತಾರೀಖು

ಹೋದ ವಾರ ಚಾಮರಾಜನಗರದ ಒಂದು ಕಚೇರಿಯ ಕೌಂಟರಿನ ಮುಂದೆ ನಿಂತಿದ್ದೆ. ಪಿಂಚಣಿ ತೆಗೆದುಕೊಳ್ಳುವ ನನ್ನಂಥ ಮೇಷ್ಟ್ರಮ್ಮಂದಿರು ವರ್ಷಕ್ಕೊಂದು ಸಲ ನಾವಿನ್ನೂ ಬದುಕಿದ್ದೇವೆ ಎಂದು ಬರೆದುಕೊಡಬೇಕಲ್ಲ, ಆ ಫಾರಂ ತುಂಬಿಸುತ್ತಿದ್ದೆ. ಹೆಸರು ಬರೆದೆ, ಸಹಿ ಹಾಕಿದೆ, ದಿನಾಂಕದ ಗೆರೆಯ ಹತ್ತಿರ ಪೆನ್ನು ತಂದೆ. ಕೌಂಟರಿನ ಹುಡುಗಿ, ಪಾಪ, ಸಹಾಯ ಮಾಡುವ ಮನಸ್ಸಿನಿಂದಲೇ, "ಡೇಟು ಖಾಲಿ ಬುಟ್ಬುಡಿ ಮೇಡಂ, ಆಮೇಲೆ ನಾವೇ ಆಕೊತೀವಿ" ಎಂದಳು.

ಫಾರಮ್ಮಿಗೆ ಚಾಚಿದ ಅವಳ ಕೈಯನ್ನು ಹೆಚ್ಚುಕಡಿಮೆ ತಳ್ಳಿಯೇಬಿಟ್ಟೆ. ಅಂದಿನ ತಾರೀಖನ್ನು ಅಂಕಿಯಲ್ಲಿ ಬರೆದು, ಪಕ್ಕದಲ್ಲಿ ಅಕ್ಷರದಲ್ಲಿಯೂ ಬರೆದು, ಉಳಿದ ಜಾಗಕ್ಕೆ ಉದ್ದಕ್ಕೊಂದು ಗೆರೆ ಎಳೆದೆ. ಅಷ್ಟರಲ್ಲಿ ನನ್ನ ಹಿಂದಿನ ಸಾಲು ಬಾಗಿಲು ದಾಟಿತ್ತು. "ಇಸ್ಕೂಲ್ ಮೇಡಂ ಇರ್ಬೇಕು ಕಣ್ಲಾ, ಮುಗಿಯಗಂಟ ಕಾಯಿ" ಎಂದು ಯಾರೋ ಯಾರಿಗೋ ಹೇಳಿದ್ದು ಕೇಳಿಸಿತು. ಕೇಳಿಸಲಿ. ಖಾಲಿ ಬಿಟ್ಟ ತಾರೀಖಿನ ಜಾಗ ಕಂಡರೆ ನನಗೆ ಈಗಲೂ ಹಾಗೇ ಬಿಟ್ಟು ಬರಲಾಗುವುದಿಲ್ಲ. ಕಾರಣ ಹೇಳುತ್ತೇನೆ, ಸ್ವಲ್ಪ ಹೊತ್ತು ಜೊತೆಗೆ ಕೂತುಕೊಳ್ಳಿ.

ನನ್ನ ತಾಯಿಯ ಅಣ್ಣ ಪುಟ್ಟಬಸಪ್ಪ ಮಾವ ಗುಂಡ್ಲುಪೇಟೆಯಲ್ಲಿ ಆಸ್ತಿಪಾಸ್ತಿಯ ಪತ್ರ ಬರೆಯುವ ಕೆಲಸ ಮಾಡುತ್ತಿದ್ದರು. ರಿಜಿಸ್ಟ್ರಿ ಆಫೀಸಿನ ಎದುರು, ಒಂದು ಜೆರಾಕ್ಸ್ ಅಂಗಡಿಗೂ ಒಂದು ಟೀ ಅಂಗಡಿಗೂ ನಡುವೆ, ತಗಡಿನ ಸೂರಿನ ಪುಟ್ಟ ಮಳಿಗೆಯಲ್ಲಿ ಅವರ ಮೇಜು. ಊಟಿ ಕಡೆಗೂ ಕೇರಳದ ಕಡೆಗೂ ಹೋಗುವ ಲಾರಿಗಳ ಧೂಳು ಆ ಮೇಜಿನ ಮೇಲೆ ಇಳಿಯುತ್ತಲೇ ಇರುತ್ತಿತ್ತು. ಮೊದಲು ಕೈಬರಹ, ಆಮೇಲೆ ಟೈಪ್ ಮೆಷಿನ್ನು, ಕೊನೆಗೆ ಕಂಪ್ಯೂಟರು. ಏನೇ ಬಂದರೂ ತಾರೀಖನ್ನು ಮಾತ್ರ ಮಾವ ಯಂತ್ರಕ್ಕೆ ಬಿಡಲಿಲ್ಲ. ಪತ್ರವೆಲ್ಲ ಮುದ್ರಣವಾಗಿ ಬಂದ ಮೇಲೆ, ಸಹಿ ಹಾಕುವವರು ಎದುರು ಕೂತ ಮೇಲೆ, ಮಸಿಯ ಪೆನ್ನು ತೆಗೆದು ತಾವೇ ಬರೆಯುತ್ತಿದ್ದರು: ಸನ್ ಇಷ್ಟನೇ ಇಸವಿ, ಇಂಥ ಮಾಹೆ, ಇಷ್ಟನೇ ತಾರೀಖು, ಇಂಥ ವಾರ. ಎಲ್ಲವೂ ಅಕ್ಷರದಲ್ಲಿ. ಪದಕ್ಕೂ ಪದಕ್ಕೂ ನಡುವೆ ಒಂದು ಇರುವೆ ನುಸುಳುವಷ್ಟೂ ಜಾಗವಿರುತ್ತಿರಲಿಲ್ಲ.

ಶುಂಠಿ ಬೆಳೆಯಲು ಜಮೀನು ಗುತ್ತಿಗೆಗೆ ಹಿಡಿಯುವ ಮಲಯಾಳಿಗಳು ಅವರ ಬಳಿ ಬರುತ್ತಿದ್ದರು. ಅವರು ಅವಸರದಲ್ಲಿ ಅಂಕಿ ಗೀಚಿ ಸಹಿ ಮಾಡಲು ಹೊರಟರೆ ಮಾವ ಮೇಜು ತಟ್ಟಿ, "ಚೇಟಾ, ತೀಯತಿ, ತೀಯತಿ! ಅಕ್ಷರದಲ್ಲಿ!" ಎಂದು ಕೂಗುತ್ತಿದ್ದರು. ಅಣ್ಣ ಎನ್ನುವುದು, ತಾರೀಖು ಎನ್ನುವುದು, ಅವರಿಗೆ ಬರುತ್ತಿದ್ದ ಮಲಯಾಳ ಅಷ್ಟೇ.

ಅಂಕಿಗಳು ಎಷ್ಟು ಸುಲಭವಾಗಿ ವೇಷ ಬದಲಿಸುತ್ತವೆ ಎಂದು ಅವರು ಒಮ್ಮೆ ನನಗೆ ತೋರಿಸಿದ್ದರು. ಎರಡು ಸಾವಿರದ ಹತ್ತೊಂಬತ್ತರ ದಸರೆಯ ರಜೆಗೆ ಹೋಗಿದ್ದೆ. ಒಂದು ಹಳೆಯ ಬಿಲ್ಲಿನ ಹಿಂದೆ ನನ್ನಿಂದಲೇ ಬರುವ ವರ್ಷದ ಒಂದು ತಾರೀಖು ಬರೆಸಿದರು. ನಾನು ಶಾಲೆಯಲ್ಲಿ ದುಂಡಕ್ಷರಕ್ಕೆ ಹೆಸರಾದವಳು, ಹೆಮ್ಮೆಯಿಂದ ಬರೆದುಕೊಟ್ಟೆ. ಅದೇ ಪೆನ್ನು ತೆಗೆದುಕೊಂಡು ಒಂದಕ್ಕೆ ನೆತ್ತಿಯ ಮೇಲೆ ಒಂದು ಕಡ್ಡಿ ಎಳೆದರು, ಏಳಾಯಿತು. ಮೂರಕ್ಕೆ ಎಡಗಡೆ ಮುಚ್ಚಿದರು, ಎಂಟಾಯಿತು. ಇಸವಿಯ ಜಾಗದಲ್ಲಿ ನಾನು ಬರೀ ಇಪ್ಪತ್ತು ಎಂದು ಹಾಕಿದ್ದೆ. ಅದರ ಬಲಕ್ಕೆ ಹತ್ತೊಂಬತ್ತು ಸೇರಿಸಿದರು, ಒಂದು ವರ್ಷ ಹಿಂದಿನ ಕಾಗದವಾಯಿತು. ಅಳಿಸಿಲ್ಲ, ತಿದ್ದಿಲ್ಲ, ಎಲ್ಲ ನನ್ನ ಕೈಬರಹವೇ ಅನ್ನುವ ಹಾಗಿತ್ತು.

"ಕಂಡ್ಯಾ ಕಣಮ್ಮಿ? ಕಳ್ಳ ಬೀಗ ಒಡೆಯಲ್ಲ. ನೀನು ತೆರೆದಿಟ್ಟ ಬಾಗ್ಲಲ್ಲಿ ನುಗ್ತಾನೆ," ಎಂದರು ಮಾವ.

ಅಲ್ಲಿಂದ ಮುಂದೆ ನಾನು ಅವರ ಶಿಷ್ಯೆಯಾದೆ. ಎರಡು ಸಾವಿರದ ಇಪ್ಪತ್ತನೇ ಇಸವಿ ಹುಟ್ಟಿದ ದಿನ ಅವರು ಫೋನು ಮಾಡಿದ್ದು ಶುಭಾಶಯ ಹೇಳುವುದಕ್ಕಲ್ಲ. "ಈ ವರ್ಸ ಪೂರ್ತಿ ಇಸವಿ ನಾಕೂ ಅಂಕಿ ಬರಿ ಕಣಮ್ಮಿ, ಬರೀ ಇಪ್ಪತ್ತು ಅಂತ ಬರುದ್ಯೋ ಕೆಟ್ಟೆ" ಎನ್ನುವುದಕ್ಕೆ. ನಾನು ಶಾಲೆಯ ಕರಿಹಲಗೆಯ ಮೇಲೂ ತಾರೀಖನ್ನು ಅಕ್ಷರದಲ್ಲಿ ಬರೆದು ಪಕ್ಕಕ್ಕೆ ಗೆರೆ ಎಳೆದೆ. ನಾಲ್ಕನೇ ತರಗತಿಯ ಮಕ್ಕಳು ಕರಿಹಲಗೆಯನ್ನು ಕದಿಯುವವರು ಯಾರು ಎಂದು ತಿಳಿಯದೆ ಮುಖ ಮುಖ ನೋಡಿಕೊಂಡರು. ಹಾಲಿನವನ ಚೀಟಿಗೂ ಪೂರ್ತಿ ಇಸವಿ ಬರೆದೆ. ಮನೆಯವರು ನಕ್ಕು ನಕ್ಕು ಸುಸ್ತಾದರು.

ಅದೇ ಜನವರಿಯಲ್ಲಿ ನಾನು ಹೇಳಹೊರಟಿರುವ ಸಂಗತಿ ನಡೆಯಿತು.

ಮಾವನ ತಂಗಿ ಶಿವಮ್ಮ, ನನಗೆ ಚಿಕ್ಕಮ್ಮ, ಚಂದಕವಾಡಿಯಲ್ಲಿದ್ದಾಳೆ. ಆಕೆಯ ಗಂಡ ಗುರುಸಿದ್ದಪ್ಪ ಚಿಕ್ಕಪ್ಪ ಅರಿಶಿನ ಬೆಳೆಯುತ್ತಿದ್ದವರು. ಮಕ್ಕಳಿರಲಿಲ್ಲ. ಹಾಗಾಗಿ ಹತ್ತು ವರ್ಷ ಮೊದಲೇ ಮನೆ, ಜಮೀನು ಎಲ್ಲವೂ ತಮ್ಮ ಅಣ್ಣನ ಮಗ ಮಲ್ಲೇಶನಿಗೆ ಎಂದು ವಿಲ್ ಬರೆದು ರಿಜಿಸ್ಟರ್ ಮಾಡಿಸಿಬಿಟ್ಟಿದ್ದರು. ಮಲ್ಲೇಶ ಒಳ್ಳೆಯ ಹುಡುಗನೇ, ಚಿಕ್ಕಪ್ಪನಿಗೆ ಕೈಗೆ ಕಾಲಿಗೆ ಆಗುತ್ತಿದ್ದ. ಆದರೆ ಒಂದು ದಿನ ಊಟಕ್ಕೆ ಕೂತಾಗ, ಮನೆ ಕೆಡವಿ ಹೊಸದಾಗಿ ಕಟ್ಟುವ ಮಾತು ಬಂದು, "ಚಿಕ್ಕವ್ವಂಗೆ ಹಿತ್ತಲ ಕಡೆ ಒಂದು ರೂಮ್ ಬುಟ್ರೆ ಆಯ್ತದೆ ಬುಡಿ" ಎಂದನಂತೆ. ಚಿಕ್ಕಪ್ಪ ಅರ್ಧಕ್ಕೆ ಕೈ ತೊಳೆದರು. ಎಂಟು ದಿನ ಯೋಚನೆ ಮಾಡಿ, ಹಳೆಯದನ್ನು ರದ್ದು ಮಾಡಿ ಎಲ್ಲವನ್ನೂ ಹೆಂಡತಿಗೆ ಬರೆಯುವುದು ಎಂದು ತೀರ್ಮಾನಿಸಿದರು. ಮಲ್ಲೇಶನಿಗೆ ಬೇಜಾರಾಗಬಾರದೆಂದು ಖಾತೆ ಕೆಲಸ ಅಂತ ಹೇಳಿ, ಅವನದೇ ಗೂಡ್ಸ್ ಆಟೋದಲ್ಲಿ ಗುಂಡ್ಲುಪೇಟೆಗೆ ಬಂದರು. ಅವರ ಸ್ವಭಾವವೇ ಹಾಗೆ.

ಅವತ್ತು ಶುಕ್ರವಾರ. ಮಾವನಿಗೆ ಕಣ್ಣಿನ ಪೊರೆ ತೆಗೆಸಿ ವಾರವಾಗಿತ್ತು. ಸಹಾಯಕ್ಕೆಂದು ನಾನು ಒಂದು ದಿನ ರಜೆ ಹಾಕಿ ಹೋಗಿದ್ದೆ. ಪತ್ರ ಮುದ್ರಣವಾಗಿ ಬಂತು. ಮಾವ ಕಪ್ಪು ಕನ್ನಡಕ ಹಾಕಿಕೊಂಡು ಕೂತು, ನನ್ನಿಂದ ಓದಿಸಿ ಕೇಳಿದರು. ಚಿಕ್ಕಪ್ಪನೂ ಕೇಳಿದರು, ಚಿಕ್ಕಮ್ಮನೂ ಕೇಳಿದಳು. ಇನ್ನೇನು ಸಹಿ ಹಾಕಬೇಕು, ಟೀ ಲೋಟ ಹಿಡಿದುಕೊಂಡು ಆಚೆ ನಿಂತಿದ್ದ ಮಲ್ಲೇಶ ಬಾಗಿಲಿಗೆ ಬಂದು ಇಣುಕಿದ.

"ಚಿಕ್ಕಯ್ಯ, ಇವತ್ತು ಅಮಾಸೆ ಕಣ! ಅಮಾಸೇಲಿ ಯಾವ ಕಾಗ್ದುಕ್ಕೆ ಸೈನ್ ಆಕ್ತಿದ್ದೀಯ?"

ಚಿಕ್ಕಪ್ಪನ ಕೈ ಪೆನ್ನು ಸಮೇತ ಹಿಂದಕ್ಕೆ ಬಂತು. ಅಮಾವಾಸ್ಯೆಯ ದಿನ ಮಾದಪ್ಪನ ಬೆಟ್ಟಕ್ಕೆ ಹೋಗುತ್ತಾರೆಯೇ ಹೊರತು ಪತ್ರಕ್ಕೆ ಸಹಿ ಹಾಕುವವರು ನಮ್ಮ ಕಡೆ ಯಾರೂ ಇಲ್ಲ. "ಬ್ಯಾಡ ಬುಡಿ ಬಾವ, ಸೋಮಾರ ಬತ್ತೀನಿ" ಎಂದು ಎದ್ದರು. ಮಾವನಿಗೆ ಇನ್ನೊಂದು ಕಟ್ಟುಪಾಡು. ಬರೆದು ಮುಗಿದ ಪತ್ರ ಸಹಿಯಿಲ್ಲದೆ ಅವರ ಮೇಜಿನ ಮೇಲೆ ಎರಡನೆಯ ದಿನ ನೋಡಕೂಡದು. "ನಾಳೆ ನಾಕನೇ ಶನಿವಾರ, ನಾಡಿದ್ದು ಭಾನುವಾರ. ಮೂರು ದಿನ ಸೈನ್ ಇಲ್ದಿರ ಕಾಗ್ದ ಮಡಿಕೊಂಡು ಏನ್ ಮಾಡ್ಲಿ ಸಿದ್ದಪ್ಪ?" ಎಂದರು. ಇವರು ಕೂರರು, ಅವರು ಬಿಡರು. ಕೊನೆಗೆ ಮಲ್ಲೇಶನೇ ಮೊಬೈಲು ನೋಡಿ ದಾರಿ ಹೇಳಿದ. "ಸೋಮಾರ ದಿನ ಚೆನ್ನಾಗದೆ. ಈಗ ಸೈನ್ ಆಕ್ಬುಡು, ತಾರೀಕು ಸೋಮಾರುದ್ದು ಬರುಸ್ಬುಡು ಚಿಕ್ಕಯ್ಯ." ಪತ್ರದಲ್ಲಿ ಏನಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಹೇಳಿ ಮತ್ತೆ ಆಟೋ ಕಡೆ ಹೋದ.

ಎಲ್ಲರಿಗೂ ಸರಿಯೆನಿಸಿತು. ಹೇಗಿದ್ದರೂ ಸೋಮವಾರ ಎದುರಿನ ಆಫೀಸಿನಲ್ಲಿ ರಿಜಿಸ್ಟರ್ ಮಾಡಿಸುವುದು ಇದ್ದೇ ಇತ್ತು, ಹೊರಗಿನವರ ಸಾಕ್ಷಿಯೂ ಅಂದೇ ಆಗುತ್ತದೆ. ಸದ್ಯಕ್ಕೆ ಬರೆದವರೂ ಸಾಕ್ಷಿಯೂ ಮಾವನೇ, ಇನ್ನೊಂದು ಸಾಕ್ಷಿ ನಾನು. ಚಿಕ್ಕಪ್ಪ ಪುಟಪುಟಕ್ಕೂ ಸಹಿ ಹಾಕಿದರು. ಮಾವನ ಕಣ್ಣು ಮಂಜು, ಹಾಗಾಗಿ ತಾರೀಖು ಬರೆಯುವ ಗೌರವ ನನಗೆ ಸಿಕ್ಕಿತು. ಗೌರವ ಅನ್ನುತ್ತಿದ್ದೇನೆ, ಆಗ ಹಾಗೇ ಅನ್ನಿಸಿತ್ತು. ನಾನು ಉಸಿರು ಬಿಗಿಹಿಡಿದು ಬರೆದೆ: ಸನ್ ಎರಡು ಸಾವಿರದ ಇಪ್ಪತ್ತನೇ ಇಸವಿ ಜನವರಿ ಮಾಹೆ ಇಪ್ಪತ್ತೇಳನೇ ತಾರೀಖು ಸೋಮವಾರ. ಪದಗಳ ನಡುವೆ ಜಾಗ ಬಿಡಲಿಲ್ಲ. ಉಳಿದದ್ದಕ್ಕೆ ಜೋಡಿ ಗೆರೆ ಎಳೆದೆ. ಮಾವ ಕಾಗದವನ್ನು ಮೂಗಿನ ಹತ್ತಿರ ಹಿಡಿದು ನೋಡಿ, "ಭೇಷ್. ಬ್ರಹ್ಮ ಬಂದ್ರೂ ತಿದ್ದಕಾಗಲ್ಲ" ಎಂದರು. ಪತ್ರವನ್ನು ತಮ್ಮ ಪೆಟ್ಟಿಗೆಯಲ್ಲಿಟ್ಟರು.

ಭಾನುವಾರ ಗಣರಾಜ್ಯೋತ್ಸವ. ಬಾವುಟ ಹಾರಿಸಿ ಮಕ್ಕಳಿಗೆ ಬೂಂದಿ ಹಂಚುತ್ತಿದ್ದೆ. ಫೋನು ಬಂತು. ಬೆಳಿಗ್ಗೆ ಮುಖ ತೊಳೆಯಲು ಹಿತ್ತಲಿಗೆ ಹೋದ ಚಿಕ್ಕಪ್ಪ ತೊಟ್ಟಿಯ ಪಕ್ಕದಲ್ಲೇ ಕುಸಿದು, ಅಷ್ಟೇ. ಮೊನ್ನೆ ಶುಕ್ರವಾರ ಗುಂಡ್ಲುಪೇಟೆಯಲ್ಲಿ ಎರಡು ಮಸಾಲೆದೋಸೆ ತಿಂದು, ಮೂರನೆಯದು ಹೇಳಲೋ ಬೇಡವೋ ಎಂದು ನನ್ನನ್ನು ಕೇಳಿದ್ದ ಮನುಷ್ಯ. ಮಕ್ಕಳ ಕೈಗೆ ಬೂಂದಿ ಹಾಕುತ್ತಲೇ ಇದ್ದೆ, ಯಾರ ಕೈಗೆ ಎಷ್ಟು ಹಾಕಿದೆನೋ ಗೊತ್ತಿಲ್ಲ. ಆ ಸಂಜೆಯೇ ಮಣ್ಣು ಮಾಡಿದೆವು.

ಮಾರನೆಯ ಬೆಳಿಗ್ಗೆ ಚಂದಕವಾಡಿಯ ಮನೆಯ ಜಗಲಿಯ ಮೇಲೆ ಮಾವನೂ ನಾನೂ ಕೂತಿದ್ದೆವು. ಒಳಗೆ ಹೆಂಗಸರು ಇನ್ನೂ ಅಳುತ್ತಿದ್ದರು. ಮಾವ ಎಲ್ಲಿಯೋ ನೋಡುತ್ತಾ, "ಇವತ್ತು ಏನ್ ವಾರ ಕಣಮ್ಮಿ?" ಎಂದರು.

"ಸೋಮವಾರ ಮಾವ," ಎಂದೆ.

ಹೇಳಿ ಮುಗಿಸುವ ಹೊತ್ತಿಗೆ ನನಗೂ ಹೊಳೆಯಿತು. ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಅಂಥ ಗಾಬರಿಯನ್ನು ನಾನು ಜೀವಮಾನದಲ್ಲಿ ಮತ್ತೆ ಅನುಭವಿಸಿಲ್ಲ. ಚಿಕ್ಕಪ್ಪ ನಿನ್ನೆ ತೀರಿಕೊಂಡಿದ್ದಾರೆ, ಅವರು ಸಹಿ ಹಾಕಿದ ಪತ್ರದ ತಾರೀಖು ಇವತ್ತಿನದು. ಸತ್ಯವಾದ ಪತ್ರ, ಅವರೇ ಹೇಳಿ ಬರೆಸಿದ್ದು, ಅವರದೇ ಸಹಿ. ಯಾರು ನೋಡಿದರೂ ಸತ್ತ ಮೇಲೆ ಹುಟ್ಟಿಸಿದ್ದು ಅನ್ನುತ್ತಾರೆ. ಬರೆದವನು ಹೆಂಡತಿಯ ಅಣ್ಣ, ಸಾಕ್ಷಿ ಅವಳ ಅಕ್ಕನ ಮಗಳು. ಇನ್ನೇನು ಬೇಕು?

ನಾಚಿಕೆಯಾದರೂ ಹೇಳಿಬಿಡುತ್ತೇನೆ, ನನಗೆ ಮೊದಲು ಬಂದ ಯೋಚನೆ ತಿದ್ದುವುದು. "ಮಾವ, ಇಪ್ಪತ್ತೇಳನ್ನ ಇಪ್ಪತ್ತನಾಲ್ಕು ಮಾಡೋದಕ್ಕೆ..." ಎಂದು ಬಾಯಿ ತೆಗೆದೆ. ನಲವತ್ತು ವರ್ಷ ತಿದ್ದುವವರ ವಿರುದ್ಧ ಬದುಕಿದ ಮನುಷ್ಯನ ಎದುರು ಹಾಗೆ ಕೇಳಿದೆ. ಮಾವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಿಂಗೆ ನಾನೇ ಕಲಿಸ್ದೋನಲ್ವಾ, ಅದು ಆಗಕಿಲ್ಲ," ಎಂದರು. ಆಮೇಲೆ, "ಊರ್ಗೆಲ್ಲ ಬೀಗ ಆಕ್ಕೊಟ್ಟೆ ಕಣಮ್ಮಿ. ಕೊನೇಗೆ ನನ್ ತಂಗೀನ ಆಚೆ ನಿಲ್ಲಿಸಿ ಬೀಗ ಆಕ್ಬುಟ್ಟೆ," ಎಂದು ಟವೆಲಿನಿಂದ ಮುಖ ಮುಚ್ಚಿಕೊಂಡರು. ಕಣ್ಣಿನ ಆಪರೇಷನ್ ಆದವರು ಅಳಬಾರದು ಎಂದು ಡಾಕ್ಟರು ಹೇಳಿದ್ದರು.

ಮಾವ ಆ ಮೇಜಿಗೆ ಮತ್ತೆ ಹೋಗಲಿಲ್ಲ. ಕೊರೋನ ಬಂತು, ಆಫೀಸು ಕೋರ್ಟು ಎಲ್ಲ ಮುಚ್ಚಿದವು, ಮಾರನೆಯ ವರ್ಷ ಮಾವನೂ ಹೋದರು. ಹೋಗುವ ಮೊದಲು ಕರೆಸಿಕೊಂಡು, "ಕೇಳ್ತಾರೆ ನಿನ್ನ. ಅಮಾಸೆ ಅಂತ್ಲೇ ಯೋಳ್ಬುಡು. ಮುಚ್ಚಕೆ ಓಗ್ಬ್ಯಾಡ," ಎಂದಿದ್ದರು. ಅಷ್ಟರಲ್ಲಿ ಮಲ್ಲೇಶ ಹಳೆಯ ವಿಲ್ ತೋರಿಸಿ ಖಾತೆ ಬದಲಾವಣೆಗೆ ಅರ್ಜಿ ಕೊಟ್ಟಿದ್ದ, ಹೊಸದು ಸುಳ್ಳು ಪತ್ರ ಎಂದಿದ್ದ. ಚಿಕ್ಕಮ್ಮ ಕೋರ್ಟಿಗೆ ಹೋದಳು. ಆ ಮನೆ ಬಿಟ್ಟರೆ ಅವಳಿಗೆ ತಲೆಯಿಡಲು ಬೇರೆ ಜಾಗವಿಲ್ಲ, ಬರುವುದಾದರೆ ನನ್ನ ಮನೆಯ ಹಾಲಿಗೆ ಬರಬೇಕು. ಸಾಯಂಕಾಲ ಅರಿಶಿನದ ಹೊಲದ ಬದುವಿನ ಮೇಲೆ ಒಂದು ಸುತ್ತು ಬರದಿದ್ದರೆ ಊಟ ಸೇರದವಳು.

ನನ್ನ ಸಾಕ್ಷಿಯ ದಿನ ಬಂತು. ಚಿಕ್ಕಮ್ಮನ ಹೇಳಿಕೆ ಮೊದಲೇ ಮುಗಿದಿತ್ತು. ಸಾಕ್ಷಿಗಳು ಆಚೆ ಕಾಯಬೇಕಾದ್ದರಿಂದ ಅವಳು ಏನು ಹೇಳಿದಳೋ ನನಗೆ ಗೊತ್ತಿರಲಿಲ್ಲ. ಎದುರು ಕಡೆಯ ವಕೀಲರು ತುಂಬ ಮರ್ಯಾದೆಯಿಂದ ಕೇಳಿದರು. "ಟೀಚರ್ ಅವರೆ, ಆ ಇಪ್ಪತ್ತೇಳನೇ ತಾರೀಖು ಸೋಮವಾರ ನೀವು ಎಲ್ಲಿದ್ದಿರಿ?"

"ಚಂದಕವಾಡಿಯಲ್ಲಿ."

"ಏನು ವಿಶೇಷ?"

"ಹಿಂದಿನ ದಿನ ಚಿಕ್ಕಪ್ಪನ ಮಣ್ಣಾಗಿತ್ತು."

"ಮಣ್ಣಾದವರು ಎದ್ದು ಗುಂಡ್ಲುಪೇಟೆಗೆ ಬಂದು ಸಹಿ ಹಾಕಿ ಹೋದರಾ?"

ಹಿಂದೆ ಕೂತವರು ನಕ್ಕರು. ನಾನು ಅಮಾವಾಸ್ಯೆಯ ಕಥೆ ಹೇಳಿದೆ. ಅಲ್ಲಿ ನಿಂತು ಹೇಳುವಾಗ ಅದು ನನ್ನ ಕಿವಿಗೇ ಕಟ್ಟುಕಥೆಯ ಹಾಗೆ ಕೇಳಿಸಿತು. "ಅಂದರೆ ನೀವು, ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು, ಗೊತ್ತಿದ್ದೂ ಸುಳ್ಳು ತಾರೀಖು ಬರೆದಿರಿ?" ಎಂದರು ವಕೀಲರು. ಹೌದು ಎಂದೆ. ಅದನ್ನು ಟೈಪ್ ಮಾಡಿದರು, ಓದಿ ಹೇಳಿದರು, ಸಹಿ ಹಾಕಿಸಿಕೊಂಡರು.

ಇನ್ನೊಂದು ದಿನ ಮಲ್ಲೇಶ ಕಟಕಟೆಗೆ ಬಂದ. ನನ್ನ ಸಾಕ್ಷಿ ಮುಗಿದಿದ್ದರಿಂದ ಒಳಗೇ ಕೂತಿದ್ದೆ. ಆ ಶುಕ್ರವಾರ ನೀನು ಗುಂಡ್ಲುಪೇಟೆಗೆ ಹೋಗಿದ್ದೆಯಾ ಎಂದು ನಮ್ಮ ವಕೀಲರು ಕೇಳಿದರು. "ಇಲ್ಲ ಸಾ. ಅವತ್ತು ನಾನು ಊರ್ ಬುಟ್ಟು ಕದ್ಲೇ ಇಲ್ಲ," ಎಂದ. ಕಣ್ಣು ಮಿಟುಕಿಸಲಿಲ್ಲ. ತಾರೀಖಿನ ದಾರಿ ತೋರಿಸಿದ ಹುಡುಗ, ಚಿಕ್ಕಯ್ಯನಿಗೆ ಕೆಟ್ಟದಾಗಬಾರದೆಂದು ಬಾಗಿಲಿಗೆ ಓಡಿ ಬಂದ ಹುಡುಗ! ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಭಯವಾಯಿತು. ಕಾಗದವನ್ನು ಭದ್ರ ಮಾಡುವುದು ಇಷ್ಟು ಚೆನ್ನಾಗಿ ಕಲಿತಿದ್ದೆ, ಮನುಷ್ಯ ರಾತ್ರಿ ಬೆಳಗಾಗುವುದರೊಳಗೆ ಹೀಗೆ ಬೇರೆಯಾಗಬಹುದು ಎನ್ನುವುದು ಮಾತ್ರ ನನಗೆ ತಿಳಿದಿರಲಿಲ್ಲ. ಹೊರಗೆ ಬಂದಾಗ ಅವನು ನನ್ನ ಎದುರಿಗೇ ಚಪ್ಪಲಿ ಹುಡುಕುತ್ತಾ ನಿಂತಿದ್ದ. ತಲೆ ಎತ್ತಲಿಲ್ಲ.

ಸೋತೆವು ಎಂದುಕೊಂಡೆ. ತೀರ್ಪಿನ ದಿನ ನಾನು ಹೋಗಲೇ ಇಲ್ಲ. ಹುಷಾರಿಲ್ಲ ಎಂದು ಸುಳ್ಳು ಹೇಳಿ ಮನೆಯಲ್ಲೇ ಕೂತೆ. ನಮ್ಮ ವಕೀಲರು ಫೋನು ಮಾಡಿ ಗೆದ್ದೆವು ಅಂದಾಗ ಎರಡು ಸಲ ಕೇಳಿದೆ, ಯಾರು, ಯಾರು ಎಂದು. ಅವರೇ ತೀರ್ಪಿನ ನಕಲು ಕಳಿಸಿಕೊಟ್ಟರು. ನನ್ನ ವಿಷಯ ಅದರಲ್ಲಿ ಎರಡೇ ಸಾಲು, ಓದಿ ಹೆಮ್ಮೆಪಡುವಂಥದ್ದೇನಲ್ಲ. ಆಮೇಲೆ ಚಿಕ್ಕಮ್ಮನ ಹೇಳಿಕೆ ಇತ್ತು, ಅವಳು ಆಡಿದ ಮಾತಿನಲ್ಲೇ. ಎದುರು ಕಡೆಯ ವಕೀಲರು ಅವಳನ್ನೂ ಹಾಗೇ ಕೇಳಿದ್ದರಂತೆ: ಗಂಡ ಸತ್ತ ಮಾರನೇ ದಿನದ ತಾರೀಖು ಹೇಗೆ ಬಂತಮ್ಮ, ನಿಮ್ಮಣ್ಣ ಆಮೇಲೆ ಕೂತು ಬರೆದದ್ದಲ್ಲವೇ? ಅದಕ್ಕೆ ಇವಳು ಅಂದದ್ದು ಇದು.

"ಆಮೇಲೆ ಬರ್ದಿದ್ರೆ ಸತ್ತಿರದು ಗೊತ್ತಿರ್ತಿರ್ನಿಲ್ವಾ ಸ್ವಾಮಿ? ಕಳ್ಳ ಬರ್ದಿದ್ರೆ ಇಂದ್ಲ ತಾರೀಕ್, ಅವ್ರು ಬದ್ಕಿದ್ದಾಗಿನ್ದು ಬರೀತಿದ್ದ. ಸೋಮಾರಕ್ಕೂ ಇರ್ತಾರೆ ಅಂತ ನಂಬ್ಕೊಂಡಿರೋರು ಬರ್ದವ್ರೆ."

ನ್ಯಾಯಾಧೀಶರು ಅದನ್ನೇ ಹಿಡಿದು ಮೂರು ಪುಟ ಬರೆದಿದ್ದರು. ಸಾವಿನ ಸುದ್ದಿ ತಿಳಿದ ಮೇಲೆ ಪತ್ರ ಹುಟ್ಟಿಸುವವನು ಸಾವಿನ ನಂತರದ ತಾರೀಖು ಹಾಕಲಾರ, ಆದ್ದರಿಂದ ಇದು ಆತ ಬದುಕಿದ್ದಾಗಲೇ ಆದ ಪತ್ರ ಎಂದು. ನಾನು ಆ ಪುಟಗಳನ್ನು ಮೊದಲಿನಿಂದ ಮತ್ತೆ ಓದಿದೆ. ಇಷ್ಟು ವರ್ಷ ನಾನೂ ಮಾವನೂ, ಇಬ್ಬರು ಓದಿದವರು, ಆ ಒಂದು ಸಾಲನ್ನು ನೋಡಿ ನೋಡಿ ನಾಚಿಕೆಯಿಂದ ಸಾಯುತ್ತಿದ್ದೆವು. ಇದು ನಮಗೆ ಹೊಳೆದಿರಲೇ ಇಲ್ಲ. ಮಾವ ಇದನ್ನು ಕೇಳದೆ ಹೋದರಲ್ಲ ಎಂದು ಅಳು ಬಂತು.

ಮಲ್ಲೇಶ ಮೇಲಿನ ಕೋರ್ಟಿಗೆ ಹೋಗುತ್ತಾನಂತೆ. ಹೋಗಲಿ. ಮೊನ್ನೆ ಭಾನುವಾರ ಚಂದಕವಾಡಿಗೆ ಹೋದೆ. ಚಿಕ್ಕಮ್ಮ ಕಾಫಿ ಕೊಟ್ಟಳು. ಅಷ್ಟು ಜನರ ಮುಂದೆ ನಿಂಗೆ ಆ ಮಾತು ಹೇಗೆ ಹೊಳೀತು ಚಿಕ್ಕಮ್ಮ ಎಂದು ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಒಳೆಯದೇನ್ ಬಂತು ಕಣಮ್ಮಿ? ಮೊದ್ಲಿಂದ್ಲೂ ನಂಗೆ ಅಂಗೇ ಕಾಣದು. ಪಕ್ಕದ್ಮನೆ ಮಗೂನ ಕರೆದು ಎಷ್ಟ್ ಸಲ ಓದ್ಸಿದ್ದೀನಿ ಗೊತ್ತಾ ಅದ?" ಎಂದು ಒಳಗೆ ಹೋಗಿ ಪೆಟ್ಟಿಗೆಯಿಂದ ಪತ್ರದ ಜೆರಾಕ್ಸ್ ತಂದಳು. ತಾರೀಖಿರುವ ಪುಟ ಮಡಿಸಿದ ಕಡೆಯೆಲ್ಲ ಹರಿದು, ಅಂಟು ಹಾಕಿ ಸೇರಿಸಿತ್ತು. ಮನೆ, ಜಮೀನು, ಚಕ್ಕುಬಂದಿ ಇರುವ ಪುಟಗಳು ಗರಿಗರಿಯಾಗೇ ಇದ್ದವು. ತಾರೀಖಿನ ಸಾಲಿನ ಮೇಲೆ ಮಾತ್ರ ಬೆರಳು ಆಡಿಸಿ ಆಡಿಸಿ ಮಸಿ ಮಾಸಿತ್ತು.

"ಊರ್ಗೆಲ್ಲ ಅವ್ರು ಭಾನುವಾರ ತೀರ್ಕೊಂಡ್ರು. ಈ ಕಾಗ್ದದಲ್ಲಿ ಸೋಮಾರವೂ ಅವ್ರೆ," ಎಂದಳು. ನನ್ನ ಮುಂದೆ ಹಿಡಿದಳು. "ನೀನೇ ಬರ್ದಿರದು. ನಿನ್ ಬಾಯಲ್ಲಿ ಒಂದ್ಸಲ ಓದಮ್ಮಿ."

ಓದಿದೆ. ಸೋಮವಾರ ಎನ್ನುವಲ್ಲಿಗೆ ಸಾಲು ಮುಗಿಯಿತು. ಅವಳು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು, ನಿಲ್ಲಿಸಲು ಬಿಡಲಿಲ್ಲ.